ತಿಂಗಳ ಮಳೆಯೂ ಸುಳಿಗಾಳಿಯ ಮಳೆಯೂ

ನಾನು ಬಾಲಕನಾಗಿದ್ದಾಗ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿತ್ತು. ದಿನವೂ ಬೆಳಗ್ಗೆ ಎಂಟೂವರೆಗೆ ಮೇಷ್ಟ್ರು ಅದರೊಳಗಿನ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಅಂಕಿಯನ್ನು ಗಟ್ಟಿಯಾಗಿ ಹೇಳುವರು, ನಾನು ಬರೆದುಕೊಳ್ಳುವೆನು. ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿಸಿ ತಾಲ್ಲೂಕು ಕಚೇರಿಗೆ ಕಳುಹಿಸುವುದು ವಾಡಿಕೆ. ಒಮ್ಮೆ ಆ ಮೊತ್ತವನ್ನು ಹೆಮ್ಮೆಯಿಂದ ಅಜ್ಜಿಗೆ ಹೇಳಿದೆ. ಅವರು ಅಕ್ಕಿ ಆರಿಸುವ ಕೈಯನ್ನು ನಿಲ್ಲಿಸದೆಯೇ, "ಜೂನು ಕಟ್ಟಿಕೊಂಡು ನನಗೇನಾಗಬೇಕೋ? ಆರಿದ್ರೆ ಎಷ್ಟು ಹೊಯ್ತು, ಹೇಗೆ ಹೊಯ್ತು, ಅದನ್ನು ಹೇಳು" ಎಂದರು. ಆಗ ನನಗೆ ಅವಮಾನವಾಯಿತು. ಆದರೆ ಅವರ ಪ್ರಶ್ನೆ ಎಷ್ಟು ಯುಕ್ತವಾದುದೆಂಬುದು ಹಿಂದೂ ಮಹಾಸಾಗರದ ಕೆಲವು ದ್ವೀಪಗಳ ಮಳೆಯ ಕಥೆಯನ್ನು ಓದಿದ ಮೇಲೆ ನನಗೆ ಮನದಟ್ಟಾಯಿತು.

ಮಡಗಾಸ್ಕರಿನ ಪೂರ್ವಕ್ಕೆ, ದಕ್ಷಿಣ ಅಕ್ಷಾಂಶ ಇಪ್ಪತ್ತರ ಆಸುಪಾಸಿನಲ್ಲಿ, ಮಾರಿಷಸ್, ರೀಯೂನಿಯನ್, ರೊಡ್ರಿಗಸ್ ಎಂಬ ಮೂರು ದ್ವೀಪಗಳಿವೆ. ಅಲ್ಲಿ ಋತುಗಳು ನಮಗೆ ವಿಪರ್ಯಯ. ನಾವು ಸಂಕ್ರಾಂತಿಯ ಎಳ್ಳು ಬೀರುವ ದಿನಗಳು ಅವರಿಗೆ ನಡುಬೇಸಗೆ. ಅದೇ ಅವರ ಮಳೆಗಾಲ, ಅದೇ ಚಂಡಮಾರುತಗಳ ಕಾಲ. ಮಾರಿಷಸ್ಸಿನಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಮೂರನೆಯ ಎರಡು ಪಾಲು ನವೆಂಬರಿನಿಂದ ಏಪ್ರಿಲ್‌ವರೆಗೆ ಸುರಿಯುವುದು. ಫೆಬ್ರವರಿ ಅತ್ಯಂತ ತೇವದ ತಿಂಗಳು, ಅಕ್ಟೋಬರ್ ಅತ್ಯಂತ ಒಣ ತಿಂಗಳು.

ಮಳೆಯೂ ಚಂಡಮಾರುತವೂ ಒಟ್ಟಿಗೆ ಬರುವುದರಿಂದ ಎರಡೂ ಒಂದೇ ಎಂದು ತೋರಬಹುದು. ಹಾಗಲ್ಲ. ಚಂಡಮಾರುತ ಹುಟ್ಟಲು ಕಡಲ ನೀರು ಸುಮಾರು 26-27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಮೇಲಣ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಹೆಚ್ಚು ಅಂತರವಿರಬಾರದು. ಇವುಗಳ ಜೊತೆಗೆ ಭೂಮಿಯ ಆವರ್ತನೆ ಗಾಳಿಯನ್ನು ಓರೆಗೆ ತಿರುಗಿಸಬೇಕು. ಈ ತಿರುಗಿಸುವ ಶಕ್ತಿ ಸಮಭಾಜಕ ವೃತ್ತದಲ್ಲಿ ಶೂನ್ಯ, ಅದರ ಎರಡೂ ಬದಿಗೆ ಸುಮಾರು ಐದು ಡಿಗ್ರಿಗಳವರೆಗೆ ಅತ್ಯಲ್ಪ. ಸೆಶೆಲ್ಸ್‌ನ ಮಾಹೆ ದ್ವೀಪ ಇರುವುದು ಈ ಎಲ್ಲೆಯೊಳಗೆ. ಅಲ್ಲಿ ಡಿಸೆಂಬರ್, ಜನವರಿಗಳಲ್ಲಿ ಧಾರಾಳವಾಗಿ ಮಳೆ ಸುರಿದರೂ ಚಂಡಮಾರುತ ಬಂದೆರಗುವುದು ತೀರ ಅಪರೂಪ. ಅದೇ ದೇಶಕ್ಕೆ ಸೇರಿದ, ಹತ್ತು ಡಿಗ್ರಿ ದಕ್ಷಿಣದ ಫಾರ್ಕುಹರ್ ದ್ವೀಪಗಳನ್ನಾದರೋ 2016ರ ಏಪ್ರಿಲಿನಲ್ಲಿ ಫಂಟಾಲಾ ಎಂಬ ಚಂಡಮಾರುತ ಧ್ವಂಸಮಾಡಿತು.

ಇಂಥ ಗಾಳಿಗೆ 'ಸೈಕ್ಲೋನ್' ಎಂಬ ಹೆಸರನ್ನಿತ್ತವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಅವನು ಈ ಪದವನ್ನು ಬಳಸಿದ. ಹಾವಿನ ಸುರುಳಿ ಎಂಬ ಅರ್ಥವೂ ಉಳ್ಳ ಗ್ರೀಕ್ ಶಬ್ದವೊಂದು ಅದರ ಮೂಲ. ಭಾಷೆಯ ವಿದ್ಯಾರ್ಥಿಯಾದ ನನಗೆ ಆ ಉಪಮೆ ಬಹಳ ಸೊಗಸೆನಿಸುತ್ತದೆ. ನಮ್ಮ ಗೋಳಾರ್ಧದಲ್ಲಿ ಆ ಸುರುಳಿ ಎಡಕ್ಕೆ ಸುತ್ತಿದರೆ ಅಲ್ಲಿ ಬಲಕ್ಕೆ, ಗಡಿಯಾರದ ಮುಳ್ಳಿನಂತೆ, ಸುತ್ತುತ್ತದೆ.

ಇನ್ನು ರೀಯೂನಿಯನ್ನಿಗೆ ಬರೋಣ. ಕಡಲ ನಡುವೆ ಮೂರು ಸಾವಿರ ಮೀಟರಿಗೂ ಮಿಗಿಲಾಗಿ ಎದ್ದುನಿಂತ ಜ್ವಾಲಾಮುಖಿ ಪರ್ವತ ಅದು. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತಗಳು ಅದನ್ನು ಏರಿ ತಣಿಯುವುದರಿಂದ ಪೂರ್ವದ ಇಳಿಜಾರಿನಲ್ಲಿ ವರ್ಷಕ್ಕೆ 10,000 ಮಿಲಿಮೀಟರ್ ಮೀರುವ ಸ್ಥಳಗಳುಂಟು. ಪಡುವಣ ಕರಾವಳಿಯಲ್ಲಿ 600ನ್ನೂ ಮುಟ್ಟದ ಸ್ಥಳಗಳುಂಟು. ಆಗುಂಬೆಯನ್ನೂ ಚಿತ್ರದುರ್ಗವನ್ನೂ ಒಂದೇ ಪುಟ್ಟ ದ್ವೀಪದಲ್ಲಿ ಇಟ್ಟಂತೆ! ಈ ಗೋಡೆಗೆ ಚಂಡಮಾರುತದ ತೇವಗಾಳಿ ಬಡಿದರೆ ಏನಾಗುತ್ತದೆ? 1966ರ ಜನವರಿ 7 ಮತ್ತು 8ರಂದು ಫೋಕ್ ಫೋಕ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆಯಾಯಿತು. 2007ರ ಫೆಬ್ರವರಿಯಲ್ಲಿ ಗಮೇಡ್ ಎಂಬ ಚಂಡಮಾರುತದ ದೆಸೆಯಿಂದ ಕಮರ್ಸನ್ ಕುಳಿಯ ಬಳಿ ನಾಲ್ಕು ದಿನಗಳಲ್ಲಿ 4,869 ಮಿಲಿಮೀಟರ್ ಸುರಿಯಿತು. ನಮ್ಮ ಆಗುಂಬೆ ಇಡೀ ವರ್ಷದಲ್ಲಿ ಕಾಣುವ ಮಳೆಯ ಅರ್ಧಕ್ಕಿಂತಲೂ ಇದು ಹೆಚ್ಚು. ಸ್ವಾರಸ್ಯವೆಂದರೆ ಗಮೇಡ್‌ನ ಕಣ್ಣು ಆ ದ್ವೀಪವನ್ನು ಮುಟ್ಟಲೇ ಇಲ್ಲ. ದೂರದಲ್ಲಿ ಮೆಲ್ಲಮೆಲ್ಲನೆ ಸಾಗಿತು, ಅಷ್ಟೇ.

ಈಗ ಸರಾಸರಿಯ ವಿಚಾರ. ಯಾವುದೋ ಊರಿನಲ್ಲಿ ಒಂಬತ್ತು ವರ್ಷ ಫೆಬ್ರವರಿಯಲ್ಲಿ 200 ಮಿಲಿಮೀಟರ್ ಮಳೆಯಾಗಿ, ಹತ್ತನೆಯ ವರ್ಷ ಚಂಡಮಾರುತ ಬಂದು 1,200 ಆಯಿತೆಂದು ಭಾವಿಸಿ. ಸರಾಸರಿ 300. ಆದರೆ 300 ಮಿಲಿಮೀಟರ್ ಮಳೆ ಬಿದ್ದ ವರ್ಷ ಒಂದಾದರೂ ಇದೆಯೇ? ಒಂಬತ್ತು ವರ್ಷ ರೈತ "ಈ ಸಲವೂ ಕಡಿಮೆ" ಎಂದು ಕೊರಗುತ್ತಾನೆ. ಹತ್ತನೆಯ ವರ್ಷ ಅವನ ಹೊಲವೇ ಕೊಚ್ಚಿಹೋಗುತ್ತದೆ. ಹೊಳೆಯ ಆಳದ ಸರಾಸರಿ ತೆಗೆದು ಸಂಸಾರವನ್ನು ನೀರಿಗಿಳಿಸಿದ ಶಾನುಭೋಗರ ಕಥೆ ನಮಗೆಲ್ಲ ಗೊತ್ತಿರುವುದೇ. ಚಂಡಮಾರುತದ ಹಾದಿಯಲ್ಲಿರುವ ದ್ವೀಪಗಳಲ್ಲಿ ಅದು ಬರಿಯ ಕಥೆಯಲ್ಲ.

ಮಾರಿಷಸ್ಸನ್ನೇ ನೋಡಿ. ಮಳೆಗಾಲ ಮುಗಿಯುತ್ತ ಬಂತೆನ್ನುವಾಗ, 1892ರ ಏಪ್ರಿಲ್ 29ರಂದು ಎರಗಿದ ಚಂಡಮಾರುತ ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. 1960ರ ಫೆಬ್ರವರಿಯ ಕ್ಯಾರೊಲ್ ಹತ್ತಾರು ಸಾವಿರ ಮನೆಗಳನ್ನು ಕೆಡವಿತು. ಆ ಬಳಿಕವೇ ಅಲ್ಲಿ ಸಿಮೆಂಟಿನ ಮನೆಗಳು ವ್ಯಾಪಕವಾಗಿ ಎದ್ದವು. ಆದರೆ ಅದೇ ಜನ ಜಲಾಶಯ ತುಂಬಲು ಬೇಸಗೆಯ ಈ ಮಳೆಯನ್ನೇ ನೆಚ್ಚಿದ್ದಾರೆ. ಅದು ಕೈಕೊಟ್ಟು 1999ರಲ್ಲಿ ಕಬ್ಬಿನ ಬೆಳೆ ಒಣಗಿತು, ಸಕ್ಕರೆಯ ಉತ್ಪಾದನೆ ಕುಸಿಯಿತು. ಮನೆಯ ಮಾಡನ್ನು ಹಾರಿಸಬಲ್ಲ ಅತಿಥಿಯನ್ನು ಅಂಜುತ್ತಲೇ ಎದುರುನೋಡಬೇಕಾದ ಸ್ಥಿತಿ ಅವರದು. ಚಂಡಮಾರುತವಿಲ್ಲದಿದ್ದರೆ ಅಪಾಯವಿಲ್ಲವೆಂದೂ ಅಲ್ಲ. 2013ರ ಮಾರ್ಚ್ 30ರಂದು ರಾಜಧಾನಿ ಪೋರ್ಟ್ ಲೂಯಿಯಲ್ಲಿ ಯಾವ ಚಂಡಮಾರುತವೂ ಇಲ್ಲದೆ ಕೆಲವೇ ಗಂಟೆಗಳ ಮಳೆಗೆ ಹನ್ನೊಂದು ಮಂದಿ ಸತ್ತರು.

ಈ ಮಾತು ದೂರದ ದ್ವೀಪಗಳಿಗಷ್ಟೇ ಸಲ್ಲುವಂಥದಲ್ಲ. 2017ರ ಡಿಸೆಂಬರಿನಲ್ಲಿ ಓಖಿ ಲಕ್ಷದ್ವೀಪವನ್ನು ಹಾದುಹೋಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಲಕ್ಷದ್ವೀಪವನ್ನೂ ನಮ್ಮ ಕರಾವಳಿಯನ್ನೂ ತೋಯಿಸಿ ಕಡಲ್ಕೊರೆತ ತಂದಿತು. ಮುಂಗಾರಿಗೆ ಮುನ್ನವೇ ಬಿದ್ದ ಆ ಮಳೆಯೂ ಪಟ್ಟಿಯಲ್ಲಿ 'ಮೇ' ಎಂಬ ಒಂದೇ ಮನೆಯೊಳಗೆ ಸೇರಿಹೋಗುತ್ತದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ಆವಿಯನ್ನು ಹೊರಬಲ್ಲದು. ಕಡಲೂ ಗಾಳಿಯೂ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಒಂದೇ ಹೊಡೆತದ ಮಳೆ ಇನ್ನೂ ಭಾರವಾಗುವ ಸಂಭವವಿದೆ.

ಸರಾಸರಿಯನ್ನು ಎಸೆಯಿರೆಂದು ನಾನು ಹೇಳುತ್ತಿಲ್ಲ. ಬಿತ್ತನೆಗೂ ಜಲಾಶಯಕ್ಕೂ ಅದು ಬೇಕು. ಆದರೆ ಪತ್ರಿಕೆಯಲ್ಲಿ 'ವಾಡಿಕೆಯ ಮಳೆ' ಎಂಬುದನ್ನು ಓದಿದಾಗ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಅದು ಎಷ್ಟು ದಿನಗಳಲ್ಲಿ ಬಿತ್ತು? ಹಿಂದೆ ಅತಿ ಹೆಚ್ಚು ಬಿದ್ದುದೆಷ್ಟು? ಅತಿ ಕಡಿಮೆ ಎಷ್ಟು? ಸೇತುವೆ ಕಟ್ಟುವವನೂ ಚರಂಡಿ ತೋಡುವವನೂ ಈ ಮೂರನ್ನು ಕೇಳದಿದ್ದರೆ ಅದರ ಬೆಲೆಯನ್ನು ತಗ್ಗಿನಲ್ಲಿ ಮನೆ ಮಾಡಿಕೊಂಡಿರುವವರು ತೆರಬೇಕಾಗುತ್ತದೆ. ಮಳೆಮಾಪಕವನ್ನು ಹತ್ತಿರದಿಂದ ಎಂದೂ ನೋಡದ ನಮ್ಮ ಅಜ್ಜಿ "ಹೇಗೆ ಹೊಯ್ತು" ಎಂದು ಕೇಳಿದ್ದು ಇದನ್ನೇ.