ನೂರು ಪೆಟ್ಟಿನಾಚೆಯ ಗಾಲ್ಫ್

ಗಾಲ್ಫ್ ಎಂದೊಡನೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಅದು ದೊಡ್ಡವರ ಆಟವಪ್ಪಾ!" ಎಂಬುದು. ಮಾತು ಸುಳ್ಳೇನಲ್ಲ, ಸಂಬಳಗಾರನ ಜೇಬಿಗೆ ಅದು ಹಗುರವಾದ ಹವ್ಯಾಸವಲ್ಲ. ಆದರೂ ಹೈದರಾಬಾದಿನಲ್ಲಿ ನೆಲಸಿದವರ ಕಣ್ಣಿಗೆ ಅದು ಬೀಳದೆ ಇರದು. ಗೋಲ್ಕೊಂಡದ ನಯಾ ಕಿಲಾದಲ್ಲಿ, ಊರವರು 'ಹಾಥಿಯಾನ್ ಕಾ ಝಾಡ್' ಎಂದು ಕರೆಯುವ ಆನೆಗಾತ್ರದ ಹಳೆಯ ಮರವಿರುವ ಕಡೆಯೇ ಒಂದು ಮೈದಾನ. ಗಚ್ಚಿಬೌಲಿಯ ಬಂಡೆಗಳ ನಡುವೆ ಬೌಲ್ಡರ್ ಹಿಲ್ಸ್ ಇನ್ನೊಂದು. ಯಾರಾದರೂ ಸ್ನೇಹಿತರು ಕರೆದೊಯ್ದು ದಾಂಡನ್ನು ಕೈಗಿತ್ತರೆಂದರೆ ಮುಗಿಯಿತು, ಹುಚ್ಚು ಹಿಡಿಯುತ್ತದೆ. ಹಾಗೆ ಹಿಡಿದು, ವರ್ಷಗಳು ಕಳೆದರೂ ನೂರು ಪೆಟ್ಟಿನಾಚೆಯೇ ಉಳಿದ ನಮ್ಮಂಥವರಿಗಾಗಿ ಈ ನಾಲ್ಕು ಮಾತು.

ಪೈಲ್ವಾನನೆದುರು ಗುಮಾಸ್ತನನ್ನು ಅಖಾಡಕ್ಕಿಳಿಸಿದರೆ ಅದು ಕುಸ್ತಿಯಾಗದು. ಗಾಲ್ಫಿನಲ್ಲಿ ಮಾತ್ರ ಅಂಥ ಜೋಡಿಗೂ ಆಟವುಂಟು. ಅದಕ್ಕೆ ಕಾರಣ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು. ೧೮ ಕುಳಿಗಳ ಮೈದಾನವನ್ನು ನುರಿತವರು ೭೨ ಪೆಟ್ಟುಗಳಲ್ಲಿ ಮುಗಿಸಬೇಕೆಂದಿದ್ದರೆ, ಅಲ್ಲಿ ೨೮ ಪೆಟ್ಟುಗಳ ರಿಯಾಯಿತಿ ಪಡೆದವರು ೧೦೦ರಲ್ಲಿ ಮುಗಿಸಿದರೂ ಅವರಿಗೆ ಸರಿಸಮ. ೨೦೨೦ರಲ್ಲಿ ಆರಂಭವಾದ ಜಾಗತಿಕ ಪದ್ಧತಿಯಂತೆ, ಕಡೆಯ ೨೦ ಆಟಗಳಲ್ಲಿ ಉತ್ತಮವಾದ ೮ನ್ನು ಆರಿಸಿ ಸರಾಸರಿ ತೆಗೆಯುತ್ತಾರೆ. ನಮ್ಮ ಒಳ್ಳೆಯ ದಿನಗಳ ಲೆಕ್ಕವಿದು. ಆದ್ದರಿಂದ ಪ್ರತಿ ಭಾನುವಾರವೂ ಅಷ್ಟರಲ್ಲಿ ಮುಗಿಯಲಿಲ್ಲವೆಂದು ಮುಖ ಬಾಡಿಸಬೇಕಾಗಿಲ್ಲ.

ಸುಧಾರಣೆಯ ಮೊದಲ ಮೆಟ್ಟಿಲು, ಈ ರಿಯಾಯಿತಿಯನ್ನು ಕುಳಿವಾರು ಹಂಚಿ ನೋಡುವುದು. ೨೮ ಎಂದರೆ ಪ್ರತಿ ಕುಳಿಗೂ ಒಂದು ಪೆಟ್ಟು ಹೆಚ್ಚು. ಅತಿ ಕಠಿಣವಾದ ೧೦ ಕುಳಿಗಳಿಗೆ ಎರಡೆರಡು. ನಾಲ್ಕು ಪೆಟ್ಟಿನ ಕುಳಿ ನಮಗೆ ಐದರದೋ ಆರರದೋ ಆಯಿತು. ೩೮೦ ಗಜ ದೂರವಿದೆಯೆನ್ನಿ. ಏಳನೆಯ ನಂಬರಿನ ಐರನ್ನಿನಿಂದ ೧೩೦ ಗಜ ನೆಟ್ಟಗೆ ಹೊಡೆಯಬಲ್ಲವರು ಮೂರೇ ಪೆಟ್ಟಿನಲ್ಲಿ ಗ್ರೀನಿಗೆ ಸೇರುತ್ತಾರೆ. ಅಲ್ಲಿ ಎರಡು ತಟ್ಟಿದರೆ ಐದಕ್ಕೆ ಮುಗಿಯಿತು. ಆಕಾಶಕ್ಕೆ ಏಣಿ ಹಾಕುವ ಡ್ರೈವರ್ ಹೊಡೆತ ಇಲ್ಲಿ ಬೇಕಾಗಲೇ ಇಲ್ಲ.

ನಮ್ಮ ಕಾರ್ಡನ್ನು ಕೆಡಿಸುವುದು ಐದು ಆರುಗಳಲ್ಲ, ಒಂಬತ್ತು ಹತ್ತುಗಳು. ಚೆಂಡು ಕಳೆದುಹೋದರೆ ಒಂದು ಪೆಟ್ಟಿನ ದಂಡ ತೆತ್ತು, ಹೊಡೆದ ಜಾಗಕ್ಕೇ ಮರಳಬೇಕು. ೨೦೧೯ರಿಂದ ಹುಡುಕಲು ಸಿಗುವುದು ಮೂರೇ ನಿಮಿಷ. ಮರಗಳ ನಡುವೆ ಸಿಕ್ಕಿಕೊಂಡಾಗ ಎಲೆಗಳ ಸಂದಿಯಲ್ಲಿ ಪವಾಡ ತೋರಿಸುವುದಕ್ಕಿಂತ, ಪಕ್ಕಕ್ಕೆ ತಟ್ಟಿ ಬಯಲಿಗೆ ಬರುವುದೇ ಜಾಣತನ. ಒಂದು ಪೆಟ್ಟು ಹೋದೀತು, ನಾಲ್ಕು ಉಳಿದಾವು. ಕುಣಿಯಲಾರದವಳು ನೆಲ ಡೊಂಕೆಂದಂತೆ ದಾಂಡನ್ನು ದೂರಿ, ಸಾಲ ಮಾಡಿ ಹೊಸದು ತರುವ ಮುನ್ನ ಇಷ್ಟನ್ನು ಮಾಡಿ ನೋಡಬಹುದು. ನಿಯಮವಿರುವುದು ೧೪ ದಾಂಡುಗಳಿಗೆ ಮೀರಕೂಡದೆಂದೇ ಹೊರತು, ಅಷ್ಟೂ ಇರಲೇಬೇಕೆಂದಲ್ಲ.

ಇನ್ನು ಪಟ್ಟರಿನ ಮಾತು. ಕುಳಿಗೆ ಎರಡರಂತೆ ಎಣಿಸಿದರೂ ೭೨ರಲ್ಲಿ ೩೬, ಅಂದರೆ ಸರಿ ಅರ್ಧ, ಅದರ ಪಾಲು. ಇದರ ಅಭ್ಯಾಸಕ್ಕೆ ಶುಲ್ಕವಿಲ್ಲ. ಕುಳಿಯ ಅಗಲ ೧೦೮ ಮಿಲಿಮೀಟರು. ನಮ್ಮ ಕಾಫಿಯ ಲೋಟ ಅದಕ್ಕಿಂತ ಚಿಕ್ಕದು. ರಾತ್ರಿ ಊಟವಾದ ಮೇಲೆ ಜಮಖಾನೆಯ ತುದಿಯಲ್ಲಿ ಲೋಟವಿಟ್ಟು ಹತ್ತು ನಿಮಿಷ ತಟ್ಟಿದರೆ ಸಾಕು, ಮಕ್ಕಳೂ ಕೂಡಿಕೊಳ್ಳುತ್ತಾರೆ. ಮನೆಯಾಕೆಯ ಅಪ್ಪಣೆಯೊಂದು ಬೇಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದುದು ಎಲ್ಲರಿಗೂ ನೆನಪಿರಬಹುದು. ಕಂಚಿನ ಪದಕ ತಪ್ಪಿದ್ದು ಒಂದೇ ಪೆಟ್ಟಿನಲ್ಲಿ. ಆಕೆಗಿಂತ ದೂರ ಹೊಡೆಯುವವರು ಅಲ್ಲಿ ಬಹಳ ಮಂದಿಯಿದ್ದರು. ಆಕೆಯನ್ನು ಅಷ್ಟು ಮೇಲೇರಿಸಿದ್ದು ಪಟ್ಟರ್.

ಕಡೆಯದಾಗಿ ಒಂದು ಮಾತು. ಈ ಏರ್ಪಾಡೆಲ್ಲ ನಿಂತಿರುವುದು ನಾವು ಬರೆದುಕೊಡುವ ಅಂಕಿಗಳ ಮೇಲೆ. ಪೊದೆಯ ಹಿಂದೆ ತಪ್ಪಿದ ಪೆಟ್ಟನ್ನು ಕಂಡವರಿಲ್ಲವೆಂದು ಬಿಟ್ಟರೆ ಹ್ಯಾಂಡಿಕ್ಯಾಪ್ ಇಳಿದು ಜಂಬ ಹೆಚ್ಚೀತು. ಬಹುಮಾನದಾಸೆಗೆ ಬೇಕೆಂದೇ ಕೆಟ್ಟ ಆಟವಾಡಿದರೆ ರಿಯಾಯಿತಿ ಏರೀತು. ಎರಡೂ ಕಳ್ಳಲೆಕ್ಕವೇ. ಪರವೂರಿಗೆ ಬಂದ ನಾವು ತೆಲುಗರೊಡನೆ, ಉರ್ದು ಮಾತಿನವರೊಡನೆ ನಾಲ್ವರ ಗುಂಪಿನಲ್ಲಿ ಹೆಜ್ಜೆ ಹಾಕುತ್ತೇವೆ. ನಮ್ಮ ಆಟ ಒರಟಾಗಿದ್ದರೆ ಅವರು ಸಹಿಸಿಯಾರು; ಲೆಕ್ಕ ಒರಟಾಗಿದ್ದರೆ ಮತ್ತೊಮ್ಮೆ ಕರೆಯಲಾರರು. ಹತ್ತು ಪೆಟ್ಟು ಹೊಡೆದಾಗ ಹತ್ತೆಂದೇ ಬರೆಯೋಣ. ಮುಂದಿನ ತಿಂಗಳು ಅದು ಎಂಟಾದಾಗ, ಆ ಎಂಟನ್ನು ನಾಲ್ವರೂ ನಂಬುತ್ತಾರೆ.