ಲಕ್ಕಮ್ಮ ವಾಪಸ್ ಕಳಿಸಿದ ಅಕ್ಕಿ

12ನೇ ಶತಮಾನದ ಕಲ್ಯಾಣ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರೋದೇ ಮಾರಯ್ಯನವರ ಕಾಯಕ. ಅದಕ್ಕೇ ಆಯ್ದಕ್ಕಿ ಮಾರಯ್ಯ ಅನ್ನೋ ಹೆಸರು.

ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರಂತೆ. ಹೆಂಡತಿ ಲಕ್ಕಮ್ಮನಿಗೆ ನೋಡಿದ ಕೂಡಲೇ ಗೊತ್ತಾಯ್ತು, ಇದು ಬೇಕಾದ್ದಕ್ಕಿಂತ ಜಾಸ್ತಿ. ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಅಂದರು. ಮಾರಯ್ಯ ಸುರಿದು ಬಂದರು.

ಗಮನಿಸಿ, ಅದು ಕದ್ದ ಅಕ್ಕಿಯಲ್ಲ. ಕೇಳೋರೂ ಯಾರೂ ಇರಲಿಲ್ಲ. ಮನೆಯಲ್ಲಿ ಬಡತನ ಬೇರೆ. ಆದರೂ ಲಕ್ಕಮ್ಮ ಹಿಂದೆಮುಂದೆ ನೋಡಲಿಲ್ಲ. ಯಾಕಂದ್ರೆ ಸಾಕು ಅನ್ನೋ ಗೆರೆಯನ್ನು ಅವರು ಮೊದಲೇ ಎಳೆದುಕೊಂಡಿದ್ದರು. ನಾವು ನಂಬಿದ ಮೌಲ್ಯ ದಿನನಿತ್ಯ ಮಾಡೋ ದೊಡ್ಡ ಉಪಕಾರ ಇದೇ: ಆಸೆ ಎದುರಾದಾಗಲೆಲ್ಲ ಮನಸ್ಸಿನ ಜೊತೆ ಹೊಸದಾಗಿ ಚೌಕಾಸಿಗೆ ಕೂರಬೇಕಾಗಿಲ್ಲ.

ಇಂಥ ಅಕ್ಕಿ ನಮ್ಮ ಕೈಗೂ ಬರುತ್ತೆ. ಅಂಗಡಿಯವರು ಗಡಿಬಿಡಿಯಲ್ಲಿ ನೂರು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟಾಗ. ಆಫೀಸಿನ ಪೆಟ್ರೋಲ್ ಬಿಲ್ಲಿಗೆ ಸ್ವಂತ ಓಡಾಟದ ಖರ್ಚನ್ನೂ ಸೇರಿಸೋಣ ಅನ್ನಿಸಿದಾಗ. ಪಕ್ಕದಲ್ಲಿ ಮಕ್ಕಳಿದ್ದರೆ ಅವರು ನಮ್ಮ ಕೈಯನ್ನೇ ನೋಡ್ತಿರ್ತಾರೆ.

ಲಕ್ಕಮ್ಮನವರ ವಚನಗಳು ಇಂದಿಗೂ ಸಿಗುತ್ತವೆ. ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹುಡುಕಿ ಓದಿ.