ಕೊಳೆಯದ ಮರಕ್ಕೆ ಬಂದ ಕಷ್ಟ



ತೇಗದ ದಿಮ್ಮಿಯ ಕೊಯ್ದ ಮುಖವನ್ನು ತಾವು ನೋಡಿಯೇ ಇರುವಿರಿ. ಒಂದರ ಸುತ್ತ ಒಂದು ಬಳೆಗಳಿರುತ್ತವೆ. ವರ್ಷಕ್ಕೊಂದು ಬಳೆ, ಎಣಿಸಿದರೆ ಮರದ ವಯಸ್ಸು ತಿಳಿಯುತ್ತದೆ. ಡಿಪ್ಲೊಮಾ ಓದುತ್ತಿದ್ದಾಗ ನಾನು ಒಮ್ಮೆ ಅರವತ್ತು ಬಳೆ ಎಣಿಸಿ, ಬಹಳ ಹಳೆಯ ಮರವೆಂದು ಬೀಗಿದ್ದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಒಂದು ಬೊಡ್ಡೆಯ ಬಳೆ ಎಣಿಸಿದವರಿಗೆ 3,622 ಸಿಕ್ಕಿತು. ಈ ಲೆಕ್ಕವು 1993ರಲ್ಲಿ ಪ್ರಕಟವಾಯಿತು.

ಆ ಮರದ ಹೆಸರು ಅಲೆರ್ಸೆ. ಇದು ಸೈಪ್ರೆಸ್ ಬಳಗದ್ದು. ಪುಟ್ಟ ಶಂಕುಕಾಯಿ ಬಿಡುತ್ತದೆ, ವರ್ಷವಿಡೀ ಹಸಿರಾಗಿರುತ್ತದೆ. ಚಿಲಿಯ ದಕ್ಷಿಣ ಭಾಗ ಮತ್ತು ಅದಕ್ಕೆ ತಗುಲಿದ ಅರ್ಜೆಂಟೀನದ ಬೆಟ್ಟಗಳನ್ನು ಬಿಟ್ಟರೆ ಇದಕ್ಕೆ ಬೇರೆ ತವರಿಲ್ಲ. ಅಲ್ಲಿ ಮಳೆಯೂ ಚಳಿಯೂ ಹೆಚ್ಚು, ಮಣ್ಣಿನಲ್ಲಿ ಸಾರ ಕಡಿಮೆ. ಮರವು 150 ಅಡಿ ಎತ್ತರಕ್ಕೂ ಹೋಗಬಲ್ಲದು. ಆದರೆ ದಪ್ಪವಾಗುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು, ಅಂದರೆ ಒಂದು ರಾಗಿ ಕಾಳಿನಷ್ಟು.

ಇದರ ಚೇಗು ಕೆಂಪು, ಹಗುರ. ಎಳೆ ನೇರವಾದ್ದರಿಂದ ಗರಗಸವಿಲ್ಲದೆಯೇ ಕೊಡಲಿ, ಬೆಣೆಗಳಿಂದ ತೆಳು ಹಲಗೆಗಳಾಗಿ ಸೀಳಿ ಬರುತ್ತದೆ. ಮಳೆಯಲ್ಲಿ ನೆನೆದರೂ ಸುಲಭವಾಗಿ ಕೊಳೆಯದು, ಹುಳು ಹಿಡಿಯದು. ಅಲ್ಲಿನವರು ಈ ಹಲಗೆಗಳನ್ನೇ ಹೆಂಚಿನಂತೆ ಮನೆಯ ಮಾಡಿಗೆ ಹೊದಿಸುತ್ತಿದ್ದರು. ಸ್ಪೇನಿನವರ ಆಳಿಕೆಯ ಕಾಲದಲ್ಲಿ ಚಿಲೊಯೆ ದ್ವೀಪದಲ್ಲಿ ನಾಣ್ಯಗಳು ಅಪರೂಪ. ಜನರು ಹಲಗೆ ಎಣಿಸಿ ಕೊಟ್ಟು ವ್ಯವಹಾರ ನಡೆಸುತ್ತಿದ್ದರು, ಕಂದಾಯವನ್ನೂ ಅದರಲ್ಲೇ ಸಲ್ಲಿಸುತ್ತಿದ್ದರು. ಹಡಗುಗಳಲ್ಲಿ ಪೆರುವಿಗೂ ಹಲಗೆ ಹೋಯಿತು. 1850ರ ದಶಕದಲ್ಲಿ ಜರ್ಮನಿಯಿಂದ ಒಕ್ಕಲುಗಳನ್ನು ತಂದು ನೆಲೆಯೂರಿಸಿದಾಗ, ಹೊಲ ಮಾಡುವುದಕ್ಕಾಗಿ ಕಾಡಿಗೆ ಬೆಂಕಿಯಿಟ್ಟರು. ತಗ್ಗಿನ ಅಲೆರ್ಸೆ ಕಾಡು ಹೆಚ್ಚಾಗಿ ನಾಶವಾದುದು ಹೀಗೆ.

1976ರಲ್ಲಿ ಚಿಲಿ ಸರಕಾರವು ಹಸಿ ಮರ ಕಡಿಯಕೂಡದೆಂದು ಆಜ್ಞೆ ಮಾಡಿತು. ಹಿಂದೆಯೇ ಸತ್ತ ಮರವನ್ನು ಮಾತ್ರ ಅನುಮತಿ ಪಡೆದು ತೆಗೆಯಬಹುದು. ಇದರಲ್ಲಿ ನ್ಯಾಯವುಂಟು. ಹಳೆಯ ಕಾಲದಲ್ಲಿ ಸುಟ್ಟ, ಕಡಿದ ಬೊಡ್ಡೆಗಳು ಇನ್ನೂ ಗಟ್ಟಿಯಾಗಿವೆ. ಅವುಗಳಿಂದ ಹಲಗೆ ಸೀಳಿ ಬದುಕುವ ಬಡ ಸಂಸಾರಗಳಿವೆ. ಆದರೆ ಹಸಿ ಮರವನ್ನು ಕೊಂದರೆ ಅದೂ ಒಣಮರವೇ ಅಲ್ಲವೇ? ಕೆಲವರು ಕಳ್ಳತನದಲ್ಲಿ ಬೆಂಕಿಯಿಟ್ಟರು, ಕೆಲವರು ಬುಡದ ಸುತ್ತ ತೊಗಟೆ ಸುಲಿದರು. ಈ ಉಪಾಯ ನಮ್ಮ ಸೀಮೆಗೂ ಹೊಸದಲ್ಲ. ಆಜ್ಞೆ ಬರೆದವರು ಇದನ್ನು ಮೊದಲೇ ಯೋಚಿಸಬೇಕಿತ್ತೆಂದು ನನಗೆ ತೋರುತ್ತದೆ.

ಸಸಿ ನೆಟ್ಟರಾಗದೇ ಎಂದು ತಾವು ಕೇಳಬಹುದು. ನೆಡಬಹುದು. ಗುಡ್ಡ ಕುಸಿದು ಬಿಸಿಲು ಬಿದ್ದ ಜಾಗದಲ್ಲಿ ಅದು ತಾನಾಗಿ ಹುಟ್ಟುವುದೂ ಉಂಟು. ಆದರೆ ಮೇಲಿನ ಲೆಕ್ಕವನ್ನೇ ಹಿಡಿದರೆ, ಇಂದು ನೆಟ್ಟ ಗಿಡವು ಒಂದು ಅಡಿ ದಪ್ಪವಾಗಲು ಸುಮಾರು ಮುನ್ನೂರು ವರ್ಷ ಬೇಕು.